ಅರ್ಧ ಧರ್ಮೋಪದೇಶ ಕಲಿತ ಹುಡುಗ: ‘ಬ್ರೈಟನ್ ರಾಕ್’ ಚಿತ್ರವನ್ನು ನಾವು ಯಾಕೆ ನೋಡಬೇಕು?



ರಿಚರ್ಡ್ ಅಟೆನ್‌ಬರೋ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 1982ರ ‘ಗಾಂಧಿ’ ಸಿನಿಮಾ. ಎಂಟು ಆಸ್ಕರ್ ಗಳಿಸಿದ ಆ ಚಿತ್ರವನ್ನು ನಿರ್ದೇಶಿಸಿದವರು ಅವರೇ. ‘ಜುರಾಸಿಕ್ ಪಾರ್ಕ್’ ನೋಡಿದವರಿಗೆ ಬಿಳಿ ಗಡ್ಡದ, ಕೋಲು ಹಿಡಿದ ಆ ಅಜ್ಜನ ಮುಖವೂ ಗೊತ್ತು. ಇದೇ ಮನುಷ್ಯ ತಮ್ಮ ಇಪ್ಪತ್ತರ ಹರೆಯದಲ್ಲಿ ಒಬ್ಬ ರೌಡಿ ಹುಡುಗನ ಪಾತ್ರ ಮಾಡಿದ್ದರು. ಜೇಬಿನಲ್ಲಿ ಆಸಿಡ್ ಬಾಟಲಿ ಇಟ್ಟುಕೊಂಡು ತಿರುಗುವ, ಯಾರನ್ನೂ ನಂಬದ, ಕೊಲೆ ಮಾಡಿ ಕಣ್ಣು ಮಿಟುಕಿಸದ ಹುಡುಗ ಅವನು. ದೀಕ್ಷಾಸ್ನಾನ ಪಡೆದ ಕಥೋಲಿಕನೂ ಹೌದು.

ಚಿತ್ರದ ಹೆಸರು ‘ಬ್ರೈಟನ್ ರಾಕ್’. 1947ರಲ್ಲಿ ತಯಾರಾದ ಕಪ್ಪು ಬಿಳುಪಿನ ಬ್ರಿಟಿಷ್ ಚಿತ್ರ. ನಿರ್ದೇಶಕರು ಜಾನ್ ಬೌಲ್ಟಿಂಗ್, ನಿರ್ಮಾಪಕರು ಅವರ ಅವಳಿ ಸಹೋದರ ರಾಯ್ ಬೌಲ್ಟಿಂಗ್. ಮೂಲ ಕಥೆ ಗ್ರಹಾಂ ಗ್ರೀನ್ ಅವರ 1938ರ ಕಾದಂಬರಿ. ಚಿತ್ರಕಥೆಯನ್ನು ಗ್ರೀನ್ ಅವರೇ ನಾಟಕಕಾರ ಟೆರೆನ್ಸ್ ರ‍್ಯಾಟಿಗನ್ ಜೊತೆ ಸೇರಿ ಬರೆದರು. 1999ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಶತಮಾನದ ನೂರು ಉತ್ತಮ ಬ್ರಿಟಿಷ್ ಚಿತ್ರಗಳ ಪಟ್ಟಿ ಮಾಡಿದಾಗ ಇದಕ್ಕೆ 15ನೆಯ ಸ್ಥಾನ ಸಿಕ್ಕಿತು.

ಗ್ಯಾಂಗ್‌ಸ್ಟರ್ ಸಿನಿಮಾ ಬಗ್ಗೆ ಧರ್ಮಕೇಂದ್ರದ ಯುವಜನರ ಪುಟದಲ್ಲಿ ಏನು ಬರೆಯುವುದು ಎಂದು ಕೆಲವರು ಕೇಳಬಹುದು. ನಮ್ಮ ಉತ್ತರ ಸರಳ. ಪಾಪ, ಪಶ್ಚಾತ್ತಾಪ, ದೇವರ ಕರುಣೆ ಈ ಮೂರರ ಬಗ್ಗೆ ನಾವು ಭಾನುವಾರ ಕೇಳುವುದನ್ನೇ ಈ ಚಿತ್ರ ಬೇರೆ ರೀತಿಯಲ್ಲಿ, ಗಟ್ಟಿಯಾಗಿ ಕೇಳುತ್ತದೆ. ಕಥೆಯ ಕೊನೆಯ ಬಗ್ಗೆಯೇ ಮುಖ್ಯವಾಗಿ ಮಾತಾಡಬೇಕಿರುವುದರಿಂದ ಅದನ್ನೂ ಇಲ್ಲಿ ಹೇಳುತ್ತೇವೆ. ಮೊದಲು ಸಿನಿಮಾ ನೋಡಿ ಆಮೇಲೆ ಓದುತ್ತೇವೆ ಅನ್ನುವವರು ಇಲ್ಲಿಗೆ ನಿಲ್ಲಿಸಬಹುದು.

ಕಥೆ ಏನು?

ಬ್ರೈಟನ್ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಊರು. ಲಂಡನ್ನಿನ ಜನ ರಜೆಗೆ ರೈಲು ಹತ್ತಿ ಹೋಗುವ ಜಾಗ. ಸಮುದ್ರದ ಒಳಕ್ಕೆ ಕಂಬಗಳ ಮೇಲೆ ಕಟ್ಟಿದ ಉದ್ದನೆಯ ಸೇತುವೆಯಂಥ ಪಿಯರ್, ಅದರ ಮೇಲೆ ಆಟದ ಅಂಗಡಿಗಳು, ಭೂತದ ರೈಲು, ತಿಂಡಿ. ‘ಬ್ರೈಟನ್ ರಾಕ್’ ಅನ್ನುವುದು ಅಲ್ಲಿ ಮಾರುವ ಸಕ್ಕರೆ ಕಡ್ಡಿ ಮಿಠಾಯಿ. ಎಷ್ಟು ಕಚ್ಚಿದರೂ ಒಳಗೆ ಊರಿನ ಹೆಸರು ಕಾಣುತ್ತಲೇ ಇರುತ್ತದೆ.

ಕಥೆ ನಡೆಯುವುದು 1930ರ ದಶಕದ ನಡುವಿನಲ್ಲಿ. ಪಿಂಕಿ ಬ್ರೌನ್ ಎಂಬ ಹದಿಹರೆಯದ ಹುಡುಗ ಒಂದು ಸಣ್ಣ ರೌಡಿ ಗುಂಪಿನ ನಾಯಕ. ಗುಂಪಿನ ಹಳೆಯ ನಾಯಕ ಕೈಟ್ ಕೊಲೆಯಾಗಿದ್ದಾನೆ. ಅದಕ್ಕೆ ಕಾರಣ ಫ್ರೆಡ್ ಹೇಲ್ ಎಂಬ ಪತ್ರಕರ್ತನ ಬರಹ ಎಂದು ಪಿಂಕಿಯ ಸಿಟ್ಟು. ಆ ಹೇಲ್ ತನ್ನ ಪತ್ರಿಕೆಯ ಬಹುಮಾನ ಸ್ಪರ್ಧೆಗಾಗಿ ಒಂದು ದಿನ ಬ್ರೈಟನ್ನಿಗೆ ಬರುತ್ತಾನೆ. ಊರಿನ ಅಲ್ಲಲ್ಲಿ ಚೀಟಿಗಳನ್ನು ಇಡುವುದು ಅವನ ಕೆಲಸ, ಹುಡುಕಿದವರಿಗೆ ಹಣ. ಪಿಂಕಿ ಅವನನ್ನು ಜನಜಂಗುಳಿಯ ನಡುವೆಯೇ ಅಟ್ಟಾಡಿಸಿ ಭೂತದ ರೈಲಿನ ಕತ್ತಲೆಯಲ್ಲಿ ಕೊಲ್ಲುತ್ತಾನೆ. ಹೇಲ್ ಇನ್ನೂ ಬದುಕಿದ್ದ ಅನ್ನಿಸಲು ಗುಂಪಿನ ಸ್ಪೈಸರ್ ಒಂದು ಚೀಟಿಯನ್ನು ಹೋಟೆಲಿನ ಮೇಜಿನ ಬಟ್ಟೆಯಡಿ ಇಟ್ಟು ಬರುತ್ತಾನೆ. ಅದು ಸಿಗುವುದು ರೋಸ್ ಎಂಬ ಸರ್ವರ್ ಹುಡುಗಿಗೆ. ಚೀಟಿ ಇಟ್ಟವನು ಪತ್ರಿಕೆಯಲ್ಲಿ ಫೋಟೋ ಬಂದ ಮನುಷ್ಯನಲ್ಲ ಎಂದು ಅವಳಿಗೆ ಗೊತ್ತು. ಅದು ಎಷ್ಟು ದೊಡ್ಡ ವಿಷಯ ಎಂದು ಮಾತ್ರ ಗೊತ್ತಿಲ್ಲ.

ಹೆಂಡತಿ ಗಂಡನ ವಿರುದ್ಧ ಸಾಕ್ಷಿ ಹೇಳುವ ಹಾಗಿಲ್ಲ ಎಂಬ ಆಗಿನ ಕಾನೂನಿನ ಆಸರೆಯಲ್ಲಿ ಪಿಂಕಿ ಆ ಹುಡುಗಿಯನ್ನು ಪ್ರೀತಿಸುವ ನಾಟಕವಾಡಿ ರಿಜಿಸ್ಟರ್ ಮದುವೆಯಾಗುತ್ತಾನೆ. ಭಯದಿಂದ ಬಾಯಿ ಬಿಡುವ ಹಂತಕ್ಕೆ ಬಂದ ಸ್ಪೈಸರ್‌ನನ್ನೂ ಮುಗಿಸುತ್ತಾನೆ. ಅತ್ತ, ಹೇಲ್ ಸಾಯುವ ಮುನ್ನ ಸ್ವಲ್ಪ ಹೊತ್ತು ಅವನ ಜೊತೆಗಿದ್ದ ಐಡಾ ಆರ್ನಾಲ್ಡ್ ಎಂಬ ಹಾಡುಗಾರ್ತಿಗೆ ಅವನ ಮುಖದ ಭಯ ಮರೆಯಲಾಗುವುದಿಲ್ಲ. ಸಹಜ ಸಾವು ಎಂಬ ಮಾತನ್ನು ಒಪ್ಪದೆ ಅವಳು ಹಿಂದೆ ಬೀಳುತ್ತಾಳೆ. ಕೊನೆಗೆ ಪಿಂಕಿ ರೋಸ್‌ಗೆ ಇಬ್ಬರೂ ಒಟ್ಟಿಗೆ ಸಾಯೋಣ ಎನ್ನುತ್ತಾನೆ. ಪಿಸ್ತೂಲು ಅವಳ ಕೈಗೆ ಕೊಡುತ್ತಾನೆ. ತಾನು ಸಾಯುವ ಯೋಚನೆ ಅವನಿಗೆ ಇಲ್ಲವೇ ಇಲ್ಲ. ಐಡಾ ಮತ್ತು ಪೊಲೀಸರು ಬಂದು ಮುಟ್ಟುವಾಗ ರೋಸ್ ಪಿಸ್ತೂಲನ್ನು ಸಮುದ್ರಕ್ಕೆ ಎಸೆಯುತ್ತಾಳೆ. ಪಿಂಕಿ ಪಿಯರ್‌ನಿಂದ ಬಿದ್ದು ಸಾಯುತ್ತಾನೆ.

ಹೀರೋ ಇಲ್ಲದ ರೌಡಿ ಸಿನಿಮಾ

ಕನ್ನಡವೂ ಮಲಯಾಳವೂ ಒಟ್ಟಿಗೆ ಕಿವಿಗೆ ಬೀಳುವ ನಮ್ಮ ಗಡಿನಾಡಿನ ಯುವಕರಿಗೆ ರೌಡಿ ಸಿನಿಮಾ ಹೊಸದಲ್ಲ. 1995ರ ‘ಓಂ’ನಿಂದ 2018ರ ‘ಕೆಜಿಎಫ್’ ತನಕ ನೋಡಿದ್ದೇವೆ, ಶಿಳ್ಳೆ ಹೊಡೆದಿದ್ದೇವೆ. ಅಂಥ ಹೆಚ್ಚಿನ ಚಿತ್ರಗಳಲ್ಲಿ ಹೀರೋ ಎಷ್ಟು ಜನರನ್ನು ಹೊಡೆದರೂ ಅವನ ಪರ ಒಂದು ಕಾರಣ ಇರುತ್ತದೆ. ಅಮ್ಮನಿಗೆ ಕೊಟ್ಟ ಮಾತು, ಬಡವರ ಕಣ್ಣೀರು, ಹಳೆಯ ಅನ್ಯಾಯ. ಸ್ಲೋ ಮೋಷನ್ ಮತ್ತು ಹಿನ್ನೆಲೆ ಸಂಗೀತ ಉಳಿದ ಕೆಲಸ ಮಾಡುತ್ತವೆ.

‘ಬ್ರೈಟನ್ ರಾಕ್’ನಲ್ಲಿ ಅಂಥದ್ದೇನೂ ಇಲ್ಲ. ಪಿಂಕಿಯ ಗುಂಪಿನಲ್ಲಿ ಇರುವುದು ಡ್ಯಾಲೋ, ಕ್ಯೂಬಿಟ್, ಸ್ಪೈಸರ್ ಹೀಗೆ ಬೆರಳೆಣಿಕೆಯ ಜನ. ವಾಸ ಒಂದು ಹಳೆಯ ಬಾಡಿಗೆ ಮನೆಯಲ್ಲಿ. ಆದಾಯ ಕುದುರೆಪಂದ್ಯದ ಬುಕ್ಕಿಗಳಿಂದ ಹೆದರಿಸಿ ವಸೂಲಿ ಮಾಡುವ ಪುಡಿಗಾಸು. ಊರಿನ ನಿಜವಾದ ದೊಡ್ಡ ಕುಳ ಕೊಲಿಯೋನಿ ಐಷಾರಾಮಿ ಹೋಟೆಲಿನಲ್ಲಿ ಕುಳಿತು ವ್ಯವಹಾರಸ್ಥನ ಹಾಗೆ ಮಾತಾಡುತ್ತಾನೆ. ಅವನ ಮುಂದೆ ಪಿಂಕಿ ಇಸ್ತ್ರಿ ಇಲ್ಲದ ಕೋಟಿನ ಒಬ್ಬ ಹುಡುಗ ಅಷ್ಟೇ. ಕುದುರೆಪಂದ್ಯದ ಮೈದಾನದಲ್ಲಿ ಕೊಲಿಯೋನಿಯ ಜನ ರೇಜರ್ ಬೀಸಿದಾಗ ಪಿಂಕಿ ಗಾಯಗೊಂಡು ಓಡುತ್ತಾನೆ. ಆ ಓಟದಲ್ಲಿ ಗತ್ತಿಲ್ಲ, ಪ್ರಾಣಭಯ ಮಾತ್ರ ಇದೆ.

ಇದು ಬರಿಯ ಕಲ್ಪನೆಯಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ಕುದುರೆಪಂದ್ಯದ ಮೈದಾನಗಳ ಸುತ್ತ ರೇಜರ್ ಹಿಡಿದ ಗುಂಪುಗಳು ನಿಜವಾಗಿಯೂ ಇದ್ದವು. 1906ರ ಕಾಯಿದೆ ಬೀದಿಯಲ್ಲಿ ಬಾಜಿ ಕಟ್ಟುವುದನ್ನು ನಿಷೇಧಿಸಿತ್ತು. ಕಾನೂನಿನ ರಕ್ಷಣೆ ಸರಿಯಾಗಿ ಸಿಗದ ಕಡೆ ‘ರಕ್ಷಣೆ’ ಮಾರುವವರು ಹುಟ್ಟಿಕೊಳ್ಳುತ್ತಾರೆ. ಲಂಡನ್ನಿನ ಡಾರ್ಬಿ ಸಬೀನಿಯ ಗುಂಪು ಅಂಥದ್ದರಲ್ಲಿ ಹೆಸರುವಾಸಿ. ಕೊಲಿಯೋನಿಯ ಪಾತ್ರಕ್ಕೆ ಅವನೇ ಮಾದರಿ ಎಂದು ಹೇಳುವುದುಂಟು. 1936ರಲ್ಲಿ ಬ್ರೈಟನ್ ಪಕ್ಕದ ಲೂಯಿಸ್ ಮೈದಾನದಲ್ಲಿ ನಡೆದ ಗುಂಪು ಹಲ್ಲೆ ಕೋರ್ಟಿನವರೆಗೆ ಹೋಗಿ ದೊಡ್ಡ ಸುದ್ದಿಯಾಗಿತ್ತು. ಬ್ರೈಟನ್ನಿಗೆ ಕೆಟ್ಟ ಹೆಸರು ಬರಬಾರದೆಂದು ಚಿತ್ರದ ಮೊದಲಿಗೆ ಇದೆಲ್ಲ ಎರಡು ಯುದ್ಧಗಳ ನಡುವಿನ ಹಳೆಯ ಕಥೆ, ಈಗಿನ ಊರು ಹಾಗಿಲ್ಲ ಎಂಬ ಒಕ್ಕಣೆ ಹಾಕಿದ್ದಾರೆ. ಆ ಒಕ್ಕಣೆ ಮುಗಿದ ಕೂಡಲೇ ನಿಜವಾದ ಬೀದಿ, ನಿಜವಾದ ಕಡಲತೀರ, ಬಿಸಿಲಿನಲ್ಲಿ ನಗುವ ಜನ ಕಾಣುತ್ತಾರೆ. ಅವರ ನಡುವೆ ಒಬ್ಬ ಮನುಷ್ಯ ಪ್ರಾಣ ಉಳಿಸಿಕೊಳ್ಳಲು ಓಡುತ್ತಿದ್ದಾನೆ, ಯಾರಿಗೂ ಗೊತ್ತಾಗುವುದಿಲ್ಲ. ಆ ಮೊದಲ ಹತ್ತು ಹದಿನೈದು ನಿಮಿಷ ಸಿನಿಮಾ ಕಲಿಯುವವರಿಗೆ ಪಾಠದ ಹಾಗಿದೆ.

ಅಟೆನ್‌ಬರೋ ಅಭಿನಯವೂ ಹಾಗೆಯೇ. ಕಿರುಚಾಟ ಕಡಿಮೆ. ಬೆರಳುಗಳಿಗೆ ದಾರ ಸುತ್ತಿಕೊಂಡು ಮಕ್ಕಳ ಆಟ ಆಡುತ್ತ ಕೂರುತ್ತಾನೆ, ಕಣ್ಣು ಮಾತ್ರ ಎದುರಿನವನ ಮೇಲೆ. ಸಿನಿಮಾಕ್ಕೆ ಮೊದಲು 1943ರಲ್ಲಿ ಲಂಡನ್ನಿನ ರಂಗಭೂಮಿಯಲ್ಲೂ ಇದೇ ಪಾತ್ರವನ್ನು ಅವರು ಮಾಡಿದ್ದರು. ಪಾತ್ರ ಮೈಗೆ ಹತ್ತಿದ್ದು ಗೊತ್ತಾಗುತ್ತದೆ.

ನರಕ ಮಾತ್ರ ಗೊತ್ತಿದ್ದ ಹುಡುಗ

ಈಗ ನಮಗೆ ಮುಖ್ಯವಾದ ವಿಷಯ. ಪಿಂಕಿ ನಾಸ್ತಿಕನಲ್ಲ. ಅವನೂ ರೋಸ್ ಕೂಡ ಕಥೋಲಿಕರು, ಬಡ ಕೇರಿಯಿಂದ ಬಂದವರು. ಕಾದಂಬರಿಯಲ್ಲಿ ಅವನು ಚರ್ಚಿನ ಗಾಯನವೃಂದದಲ್ಲಿ ಹಾಡಿದ್ದವನು. ಚಿಕ್ಕವನಿದ್ದಾಗ ಗುರುವಾಗುತ್ತೇನೆ ಎಂದು ಆಣೆ ಮಾಡಿದ್ದವನು. ನರಕದ ಬಗ್ಗೆ ಅವನಿಗೆ ಅನುಮಾನವೇ ಇಲ್ಲ. ಬೆಂಕಿ ಇದೆ, ಶಿಕ್ಷೆ ಇದೆ, ಅದನ್ನು ನಂಬದವರು ಮೂರ್ಖರು ಎಂಬುದು ಅವನ ಮಾತಿನ ಅರ್ಥ. ಸ್ವರ್ಗವೂ ಇದೆಯಲ್ಲ ಎಂದು ರೋಸ್ ಕೇಳಿದರೆ ಮಾತ್ರ ಅವನ ಉತ್ತರ ತಣ್ಣಗಾಗುತ್ತದೆ. ಇರಬಹುದು, ಇಲ್ಲದಿರಬಹುದು.

ನಮ್ಮ ಅಭಿಪ್ರಾಯದಲ್ಲಿ ಇಡೀ ಚಿತ್ರದ ಕೀಲಿ ಇಲ್ಲಿದೆ. ಪಿಂಕಿ ಧರ್ಮೋಪದೇಶದ ಅರ್ಧ ಪುಸ್ತಕ ಮಾತ್ರ ಕಲಿತವನು. ಪಾಪಗಳ ಪಟ್ಟಿ ಗೊತ್ತು, ಶಿಕ್ಷೆಯ ಲೆಕ್ಕ ಗೊತ್ತು. ಕ್ಷಮೆಯ ಪುಟಗಳು ಅವನಿಗೆ ಖಾಲಿ. ದೆವ್ವಗಳೂ ದೇವರಿದ್ದಾನೆಂದು ನಂಬಿ ನಡುಗುತ್ತವೆ ಎಂಬರ್ಥದ ಮಾತು ಯಾಕೋಬರ ಪತ್ರದ ಎರಡನೆಯ ಅಧ್ಯಾಯದಲ್ಲಿ ಬರುತ್ತದೆ. ಪಿಂಕಿಯ ನಂಬಿಕೆ ಆ ಜಾತಿಯದು. ನಂಬುತ್ತಾನೆ, ನಡುಗುತ್ತಾನೆ, ತಂದೆಯ ಬಳಿಗೆ ಮಾತ್ರ ಹೋಗುವುದಿಲ್ಲ.

ಅದರ ಪರಿಣಾಮ ಏನಾಗುತ್ತದೆ ನೋಡಿ. ಒಂದು ಕೊಲೆ ಆಯಿತು. ಹೇಗೂ ನರಕಕ್ಕೆ ಹೋಗುವವನು ಅಂದುಕೊಂಡವನಿಗೆ ಎರಡನೆಯ ಕೊಲೆಗೆ ತಡೆ ಏನು? ಮೂರನೆಯದಕ್ಕೆ? ಹತಾಶೆ ಮನುಷ್ಯನನ್ನು ಮೂಲೆಯಲ್ಲಿ ಕೂರಿಸುತ್ತದೆ ಎಂದುಕೊಂಡಿದ್ದೇವೆ. ಈ ಚಿತ್ರದಲ್ಲಿ ಹತಾಶೆಯೇ ಅವನನ್ನು ಮುಂದಕ್ಕೆ ಓಡಿಸುತ್ತದೆ. ಪೇತ್ರನೂ ಯೂದನೂ ಒಂದೇ ರಾತ್ರಿ ತಪ್ಪಿದರು. ಒಬ್ಬ ಅತ್ತು ಹಿಂದೆ ಬಂದ, ಇನ್ನೊಬ್ಬ ಹಿಂದೆ ಬರಲು ದಾರಿಯೇ ಇಲ್ಲ ಎಂದುಕೊಂಡ. ನಮ್ಮ ಯುವಕೂಟಗಳಲ್ಲಿ ಪಾಪದ ಬಗ್ಗೆ ಮಾತಾಡುವಾಗ ನಾವು ಯಾವ ಅರ್ಧವನ್ನು ಹೆಚ್ಚು ಕಲಿಸುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕು. ಹೆದರಿಸಿ ಚರ್ಚಿಗೆ ತಂದ ಮಗು ಹೆದರಿಕೆ ಬಿಟ್ಟ ದಿನ ಚರ್ಚನ್ನೂ ಬಿಡುತ್ತದೆ. ಹೆದರಿಕೆ ಬಿಡದ ಮಗುವಿನ ಕಥೆ ಇನ್ನೂ ಕಷ್ಟದ್ದು. ತಪ್ಪು ಮಾಡಿದ ಮೇಲೆ ಅದು ಪಾಪನಿವೇದನೆಗೂ ಬರುವುದಿಲ್ಲ, ಮನೆಯಲ್ಲೂ ಹೇಳುವುದಿಲ್ಲ.

ರೋಸ್‌ನದು ಪ್ರೀತಿಯೇ?

ಕ್ಯಾರೊಲ್ ಮಾರ್ಶ್ ಅಭಿನಯಿಸಿದ ರೋಸ್ ಬಗ್ಗೆ ನಮ್ಮ ಯುವಕೂಟದಲ್ಲಿ ಎರಡು ಗುಂಪಾಯಿತು. ಅವಳ ಪ್ರೀತಿ ದೊಡ್ಡದು, ತನಗೆ ಏನಾದರೂ ಆಗಲಿ ಎಂದು ಅವನ ಜೊತೆ ನಿಂತಳು ಎಂದು ಕೆಲವರು. ಅದು ಪ್ರೀತಿಯೇ ಅಲ್ಲ ಎಂದು ಕೆಲವರು, ಮುಖ್ಯವಾಗಿ ಹುಡುಗಿಯರು.

ಎರಡೂ ಮಾತಿನಲ್ಲಿ ಹುರುಳಿದೆ. ರೋಸ್‌ನ ಮನಸ್ಸು ಒಳ್ಳೆಯದು, ಅವಳ ನಿಷ್ಠೆ ನಿಜ. ಅವನು ಕೊಲೆಗಾರ ಎಂದು ಗೊತ್ತಾದ ಮೇಲೂ ಅವಳು ಅವನನ್ನು ಬಿಡುವುದಿಲ್ಲ. ಅವನು ಹಾಳಾಗುವುದಾದರೆ ನಾನೂ ಹಾಳಾಗಲಿ ಎಂಬ ಮಟ್ಟಕ್ಕೆ ಹೋಗುತ್ತಾಳೆ. ಆದರೆ ಈ ನಿಷ್ಠೆ ಬೆಳೆದ ನೆಲ ಯಾವುದು? ಅವಳನ್ನು ಯಾರೂ ಯಾವತ್ತೂ ಗಮನಿಸಿಲ್ಲ. ಮೊದಲ ಸಲ ಒಬ್ಬ ಹುಡುಗ ಬಂದು ನೀನು ಬೇಕು ಎಂದ. ಅವಳಿಗೆ ಅಷ್ಟೇ ಸಾಕಾಯಿತು. ಅವನು ಮುಟ್ಟಲು ಅಸಹ್ಯಪಡುವುದು, ಬೆದರಿಸುವುದು, ಯಾರ ಜೊತೆ ಮಾತಾಡಬೇಕು ಎಂದು ನಿರ್ಧರಿಸುವುದು, ಆಸಿಡ್ ಬಾಟಲಿ ತೋರಿಸುವುದು ಎಲ್ಲವನ್ನೂ ಅವಳು ಪ್ರೀತಿಯ ಲೆಕ್ಕಕ್ಕೆ ಸೇರಿಸಿಕೊಂಡಳು.

ಆ ಬಾಟಲಿಯಲ್ಲಿರುವುದು ಗಂಧಕಾಮ್ಲ. ನಮ್ಮ ದೇಶದಲ್ಲಿ ಇದು ಹಳೆಯ ಸಿನಿಮಾದ ವಿಷಯವಾಗಿ ಉಳಿದಿಲ್ಲ ಎಂದು ನಿಮಗೂ ಗೊತ್ತು. ಒಲ್ಲೆ ಎಂದ ಹುಡುಗಿಯರ ಮುಖಕ್ಕೆ ಆಸಿಡ್ ಎರಚಿದ ಪ್ರಕರಣಗಳ ನಂತರ 2013ರಲ್ಲಿ ಸುಪ್ರೀಂ ಕೋರ್ಟ್ ಆಸಿಡ್ ಮಾರಾಟಕ್ಕೆ ಕಟ್ಟುನಿಟ್ಟು ಮಾಡಿತು, ಅದೇ ವರ್ಷ ಆಸಿಡ್ ದಾಳಿಯನ್ನು ಕಾನೂನಿನಲ್ಲಿ ಪ್ರತ್ಯೇಕ ಅಪರಾಧವಾಗಿ ಸೇರಿಸಿದರು. ಹಾಗಾಗಿ ನಮ್ಮ ತಂಗಿಯರಿಗೆ, ಗೆಳತಿಯರಿಗೆ ಹೇಳುವುದು ಇಷ್ಟೇ. ನಿನ್ನನ್ನು ಹೆದರಿಸುವವನು ನಿನ್ನನ್ನು ಪ್ರೀತಿಸುತ್ತಿಲ್ಲ. ನಿನ್ನ ಪ್ರೀತಿಯಿಂದ ಅವನು ಬದಲಾಗುತ್ತಾನೆ ಎಂದು ಕಾಯುತ್ತ ಕೂರುವುದು ನಿನ್ನ ಶಿಲುಬೆಯಲ್ಲ. ಹುಡುಗರಿಗೂ ಒಂದು ಮಾತು. ಪ್ರೀತಿ ಇದ್ದರೆ ಇದನ್ನು ಮಾಡಿ ತೋರಿಸು ಎಂದು ಒಬ್ಬಳನ್ನು ಒತ್ತಾಯಿಸುವಾಗಲೆಲ್ಲ ಪಿಂಕಿಯ ದಾರಿಯಲ್ಲೇ ಒಂದು ಹೆಜ್ಜೆ ಇಡುತ್ತಿದ್ದೀರಿ.

ಒಟ್ಟಿಗೆ ಸಾಯೋಣ ಎಂಬ ಮಾತು ಬಂದರೆ ಅದನ್ನು ಗುಟ್ಟಾಗಿ ಇಟ್ಟುಕೊಳ್ಳಬಾರದು. ಹಾಗೆ ಹೇಳಿದವರು ಗೆಳೆಯರಾಗಲಿ, ನೀವೇ ಆಗಲಿ, ಮನೆಯವರಿಗೆ, ಫಾದರ್‌ಗೆ, ಸಿಸ್ಟರ್‌ಗೆ ಅಥವಾ ನಮಗೆ ಕೂಡಲೇ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.

ಚರ್ಚಿಗೆ ಬಾರದ ಐಡಾ

ಹರ್ಮಿಯೋನ್ ಬ್ಯಾಡ್ಲಿ ಅಭಿನಯಿಸಿದ ಐಡಾ ಬಗ್ಗೆ ಗ್ರೀನ್ ಅವರಿಗೆ ಅಷ್ಟು ಪ್ರೀತಿ ಇದ್ದಂತೆ ಕಾಣುವುದಿಲ್ಲ. ಅವಳು ಬಿಯರ್ ಕುಡಿಯುತ್ತಾಳೆ, ಜೋರಾಗಿ ನಗುತ್ತಾಳೆ, ದೇವರ ಚಿಂತೆ ಮಾಡುವುದಿಲ್ಲ. ಅವಳಿಗೆ ಗೊತ್ತಿರುವುದು ಸರಿ ಮತ್ತು ತಪ್ಪು. ಕಾದಂಬರಿಯಲ್ಲಿ ಮನುಷ್ಯನ ಸ್ವಭಾವವನ್ನು ಬ್ರೈಟನ್ ಮಿಠಾಯಿಗೆ ಹೋಲಿಸುವವಳು ಇವಳೇ. ಎಲ್ಲಿ ಕಚ್ಚಿದರೂ ಅದೇ ಹೆಸರು, ಜನ ಬದಲಾಗುವುದಿಲ್ಲ ಎಂಬುದು ಅವಳ ನಂಬಿಕೆ. ಗ್ರೀನ್ 1926ರಲ್ಲಿ ಕಥೋಲಿಕ ಧರ್ಮಸಭೆಗೆ ಸೇರಿದವರು. ಒಳಿತು ಕೆಡುಕುಗಳ ಆಳ ಗೊತ್ತಿರುವ ಇಬ್ಬರು ಕಥೋಲಿಕ ಮಕ್ಕಳ ಎದುರು, ಸರಿ ತಪ್ಪು ಮಾತ್ರ ಗೊತ್ತಿರುವ ಐಡಾಳನ್ನು ಅವರು ಸ್ವಲ್ಪ ತೆಳುವಾಗಿಯೇ ಚಿತ್ರಿಸಿದ್ದಾರೆ.

ಇಲ್ಲಿ ನಾವು ಗ್ರೀನ್ ಅವರನ್ನು ಪೂರ್ತಿ ಒಪ್ಪುವುದಿಲ್ಲ. ಕಥೆಯನ್ನು ನಡೆದ ಹಾಗೆ ನೋಡಿ. ಒಬ್ಬ ಅಪರಿಚಿತನ ಕಣ್ಣಿನಲ್ಲಿ ಭಯ ಕಂಡು ಅದನ್ನು ಮರೆಯದವಳು ಯಾರು? ಐಡಾ. ಎಲ್ಲರೂ ಕೈ ತೊಳೆದುಕೊಂಡ ಮೇಲೂ ಕೇಳುತ್ತ ಹೋದವಳು ಯಾರು? ಐಡಾ. ರೋಸ್ ಬೈದು ಕಳಿಸಿದರೂ ಮತ್ತೆ ಬಂದವಳು, ಕೊನೆಯ ರಾತ್ರಿ ಪಿಯರ್‌ಗೆ ಪೊಲೀಸರ ಜೊತೆ ಬಂದು ಮುಟ್ಟಿದವಳು ಐಡಾ. ಆ ಹುಡುಗಿ ಬದುಕಿದ್ದು ಅವಳಿಂದ. ಗಾಯಗೊಂಡು ದಾರಿಯಲ್ಲಿ ಬಿದ್ದವನನ್ನು ದಾಟಿ ಹೋದ ಯಾಜಕ, ಲೇವಿಯ ಮತ್ತು ನಿಂತು ನೋಡಿದ ಸಮಾರಿಯದವನ ಸಾಮತಿ ನಮಗೆಲ್ಲ ಬಾಯಿಪಾಠ. ಐಡಾ ಆ ಸಮಾರಿಯದವನ ಸಾಲಿಗೆ ಸೇರಿದವಳು.

ಇದನ್ನು ಯಾಕೆ ಒತ್ತಿ ಹೇಳುತ್ತೇವೆ ಅಂದರೆ, ದೇವರ ಕರುಣೆಯ ಬಗ್ಗೆ ಚೆನ್ನಾಗಿ ಮಾತಾಡುವ ನಾವು ಕೆಲವೊಮ್ಮೆ ಅದನ್ನೇ ಸುಮ್ಮನಿರಲು ನೆಪ ಮಾಡಿಕೊಳ್ಳುತ್ತೇವೆ. ದೇವರು ನೋಡಿಕೊಳ್ಳುತ್ತಾನೆ, ಪ್ರಾರ್ಥನೆ ಮಾಡೋಣ, ಬೇರೆ ಮನೆಯ ವಿಷಯ ನಮಗೆ ಯಾಕೆ? ರೋಸ್‌ನ ಹೆಣ ಸಿಕ್ಕಿದ ಮೇಲೆ ಕರುಣೆಯ ಬಗ್ಗೆ ಮಾತಾಡುವುದು ಸುಲಭವಿತ್ತು. ಅದಕ್ಕಿಂತ ಮೊದಲು ಬಾಗಿಲು ತಟ್ಟುವವರು ಬೇಕಿತ್ತು.

ಆದರೆ ಐಡಾಳಿಂದ ಆಗದ ಒಂದು ಕೆಲಸವೂ ಇದೆ. ಪಿಂಕಿ ಬದಲಾಗಬಹುದು ಎಂದು ಅವಳು ಒಂದು ಕ್ಷಣವೂ ಯೋಚಿಸುವುದಿಲ್ಲ. ಅವಳಿಗೆ ಅವನು ಹಿಡಿಯಬೇಕಾದ ಪ್ರಾಣಿ. ಎಲ್ಲಿ ಕಚ್ಚಿದರೂ ಅದೇ ಹೆಸರು. ಕ್ರಿಸ್ತರ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನಿಗೆ ಅವಳು ಏನು ಹೇಳುತ್ತಿದ್ದಳು? ಇಲ್ಲಿ ಚಿತ್ರ ನಮ್ಮನ್ನು ಕೊನೆಯ ದೃಶ್ಯಕ್ಕೆ ಕರೆದೊಯ್ಯುತ್ತದೆ.

ಸಿಕ್ಕಿಕೊಂಡ ಮುಳ್ಳು

ಮದುವೆಯಾದ ಮೇಲೆ ರೋಸ್ ಒಂದೇ ಒಂದು ಉಡುಗೊರೆ ಕೇಳುತ್ತಾಳೆ. ಪಿಯರ್ ಮೇಲೆ ಹಣ ಹಾಕಿ ನಮ್ಮ ದನಿಯನ್ನು ಗ್ರಾಮಫೋನ್ ತಟ್ಟೆಗೆ ಮುದ್ರಿಸಿಕೊಳ್ಳುವ ಸಣ್ಣ ಕೋಣೆ ಇದೆ. ಅದರಲ್ಲಿ ನನಗಾಗಿ ಏನಾದರೂ ಹೇಳು ಎನ್ನುತ್ತಾಳೆ. ಇಂದಿನ ವಾಯ್ಸ್ ಮೆಸೇಜ್ ಅಂದುಕೊಳ್ಳಿ. ಪಿಂಕಿ ಗಾಜಿನ ಒಳಗೆ ನಿಂತು ಮಾತಾಡುತ್ತಾನೆ. ನಾನು ನಿನ್ನನ್ನು ಪ್ರೀತಿಸುತ್ತೇನೆ ಎಂಬ ಮಾತು ನಿನಗೆ ಬೇಕು, ಆದರೆ ನನಗೆ ನಿನ್ನ ಮೇಲೆ ದ್ವೇಷ ಮಾತ್ರ ಇದೆ ಎಂಬ ಅರ್ಥದಲ್ಲಿ ಕೆಟ್ಟ ಬೈಗುಳ ಸೇರಿಸಿ ಹೇಳುತ್ತಾನೆ. ಗಾಜಿನ ಹೊರಗೆ ನಿಂತ ರೋಸ್‌ಗೆ ಏನೂ ಕೇಳಿಸುವುದಿಲ್ಲ. ಅವನ ತುಟಿ ಆಡುವುದನ್ನು ನೋಡಿ ನಗುತ್ತಿದ್ದಾಳೆ. ಇಡೀ ಚಿತ್ರದಲ್ಲಿ ರಕ್ತ ಹರಿಯುವ ಯಾವ ದೃಶ್ಯಕ್ಕಿಂತಲೂ ಕ್ರೂರವಾದದ್ದು ಇದು.

ಅವಳ ಬಳಿ ಗ್ರಾಮಫೋನ್ ಇಲ್ಲ, ಹಾಗಾಗಿ ಕೇಳಿರುವುದಿಲ್ಲ. ಕಾದಂಬರಿಯ ಕೊನೆಯಲ್ಲಿ ಪಿಂಕಿ ಸತ್ತ ಮೇಲೆ ಅವಳು ಆ ತಟ್ಟೆ ಕೇಳಲು ಹೊರಡುತ್ತಾಳೆ. ಅವಳಿಗೆ ಕಾದಿರುವುದು ಏನೆಂದು ನಮಗೆ ಗೊತ್ತು, ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಸಿನಿಮಾದಲ್ಲಿ ಬೇರೆಯಾಗಿದೆ. ರೋಸ್ ಒಬ್ಬ ಸಿಸ್ಟರ್ ಬಳಿ ಇದ್ದಾಳೆ. ದೇವರ ಕರುಣೆ ಎಷ್ಟು ವಿಚಿತ್ರವಾದದ್ದು, ನಮ್ಮ ಬುದ್ಧಿಗೆ ನಿಲುಕದ್ದು ಎಂಬರ್ಥದ ಮಾತನ್ನು ಸಿಸ್ಟರ್ ಹೇಳುತ್ತಾರೆ. ರೋಸ್ ತಟ್ಟೆ ಹಾಕುತ್ತಾಳೆ. ತಟ್ಟೆಗೆ ಗೀರು ಬಿದ್ದಿದೆ. ಗ್ರಾಮಫೋನ್ ತಟ್ಟೆಯ ಗೆರೆ ಹೊರಗಿನಿಂದ ಒಳಕ್ಕೆ ಸುತ್ತುವ ಒಂದೇ ಸುರುಳಿ. ಗೀರು ಬಿದ್ದ ಕಡೆ ಮುಳ್ಳು ಮುಂದಕ್ಕೆ ಹೋಗಲಾಗದೆ ಹಿಂದಿನ ಸುತ್ತಿಗೆ ಜಾರುತ್ತದೆ, ಅಷ್ಟೇ ತುಣುಕು ಮತ್ತೆ ಮತ್ತೆ ಕೇಳುತ್ತದೆ. ಪ್ರೀತಿಸುತ್ತೇನೆ ಎಂಬ ಮಾತಿನ ಬಳಿಯೇ ಮುಳ್ಳು ಸಿಕ್ಕಿಕೊಳ್ಳುತ್ತದೆ. ಬೈಗುಳ ಬರುವುದೇ ಇಲ್ಲ. ಕ್ಯಾಮೆರಾ ಗೋಡೆಯ ಮೇಲಿನ ಶಿಲುಬೆಯತ್ತ ಸರಿಯುತ್ತದೆ.

ಇದು ಮೋಸದ ಕೊನೆ, ಪ್ರೇಕ್ಷಕರಿಗೆ ಸಿಹಿ ತಿನ್ನಿಸಿ ಕಳಿಸುವ ಉಪಾಯ ಎಂದು ಹಲವು ವಿಮರ್ಶಕರು ಹೇಳಿದ್ದಾರೆ. ಪುಸ್ತಕದ ಕೊನೆಯೇ ಪ್ರಾಮಾಣಿಕ ಎಂಬುದು ಅವರ ವಾದ. ಗ್ರೀನ್ ಮಾತ್ರ ಮುಂದೆ ಈ ಕೊನೆಯನ್ನು ಸಮರ್ಥಿಸಿಕೊಂಡರು. ಪುಸ್ತಕದ ಕೊನೆಯನ್ನು ವಿತರಕರು ಒಪ್ಪುತ್ತಿರಲಿಲ್ಲ, ಮತ್ತು ಯೋಚಿಸುವ ಪ್ರೇಕ್ಷಕನಿಗೆ ಒಂದು ದಿನ ರೋಸ್ ಆ ಮುಳ್ಳನ್ನು ಗೀರಿನಿಂದ ಮುಂದಕ್ಕೆ ತಳ್ಳುತ್ತಾಳೆ ಎಂದು ಗೊತ್ತಿರುತ್ತದೆ ಎಂಬುದು ಅವರ ಮಾತಿನ ಸಾರ.

ನಮಗೆ ಸಿನಿಮಾದ ಕೊನೆಯೇ ಹೆಚ್ಚು ಕಾಡಿತು. ಕಾರಣ, ಅದು ಕರುಣೆಯನ್ನೂ ಸತ್ಯವನ್ನೂ ಒಂದೇ ತಟ್ಟೆಯಲ್ಲಿ ಇಟ್ಟಿದೆ. ಆ ಕ್ಷಣಕ್ಕೆ ಆ ಹುಡುಗಿಗೆ ಒಂದು ಬಿಡುವು ಸಿಕ್ಕಿತು. ಸತ್ಯ ಅಳಿಸಿ ಹೋಗಿಲ್ಲ, ಗೀರಿನ ಆಚೆ ಕಾದಿದೆ. ಮುಂದೊಂದು ದಿನ ಕೇಳಿದಾಗ ಅವಳ ಪಕ್ಕದಲ್ಲಿ ಯಾರಿರುತ್ತಾರೆ? ಆ ಸಿಸ್ಟರ್ ಇರುತ್ತಾರೆಯೇ? ಐಡಾ ಇರುತ್ತಾಳೆಯೇ? ಧರ್ಮಸಭೆ ಅಂದರೆ ಆ ದಿನ ಅವಳ ಪಕ್ಕದಲ್ಲಿ ಕೂರುವವರು ಎಂದು ನಾವು ತಿಳಿಯುತ್ತೇವೆ.

ಪಿಂಕಿಯ ಗತಿ ಏನಾಯಿತು? ಕಾದಂಬರಿಯಲ್ಲಿ ಒಂದು ಹಳೆಯ ಇಂಗ್ಲಿಷ್ ಮಾತಿನ ನೆನಪು ಬರುತ್ತದೆ. ಕುದುರೆಯಿಂದ ಬೀಳುವವನು ನೆಲ ಮುಟ್ಟುವಷ್ಟರಲ್ಲಿ ಕರುಣೆ ಕೇಳಿದರೂ ಸಿಗುತ್ತದೆ ಎಂಬುದು ಅದರ ತಾತ್ಪರ್ಯ. ಸಿನಿಮಾದಲ್ಲಿ ಅವನು ಪಿಯರ್‌ನಿಂದ ಬೀಳುತ್ತಾನೆ. ಕಟಕಟೆಯಿಂದ ನೀರಿನ ತನಕ ಎಷ್ಟು ಹೊತ್ತು? ಒಂದೆರಡು ಸೆಕೆಂಡು. ಆ ಹೊತ್ತಿನಲ್ಲಿ ಅವನ ಮನಸ್ಸಿನಲ್ಲಿ ಏನಿತ್ತು ಎಂದು ಕ್ಯಾಮೆರಾ ತೋರಿಸುವುದಿಲ್ಲ, ತೋರಿಸಲೂ ಆಗದು. ಧರ್ಮಸಭೆ ಅನೇಕರನ್ನು ಸಂತರೆಂದು ಘೋಷಿಸಿದೆ, ಇಂಥವನು ನರಕದಲ್ಲಿದ್ದಾನೆ ಎಂದು ಹೆಸರಿಟ್ಟು ಯಾರನ್ನೂ ಘೋಷಿಸಿಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು ತನ್ನ 2283ನೆಯ ಪರಿಚ್ಛೇದದಲ್ಲಿ, ಪ್ರಾಣ ಕಳೆದುಕೊಂಡವರ ರಕ್ಷಣೆಯ ಬಗ್ಗೆಯೂ ಆಸೆ ಬಿಡಬಾರದು, ದೇವರಿಗೆ ಮಾತ್ರ ಗೊತ್ತಿರುವ ದಾರಿಗಳಿವೆ ಎಂದು ಹೇಳುತ್ತದೆ. ಅವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ. ಮನೆಯಲ್ಲಿ ಅಂಥ ಸಾವು ಕಂಡವರ ಮುಂದೆ ನಾಲಗೆ ಹರಿಬಿಡುವ ಮೊದಲು ಇದನ್ನು ನೆನಪಿಡೋಣ.

ಕೊನೆಯದಾಗಿ

ಚಿತ್ರ ಒಂದೂವರೆ ಗಂಟೆಯದು. ಹಳೆಯ ಇಂಗ್ಲಿಷ್ ಉಚ್ಚಾರ ಕೆಲವು ಕಡೆ ಅರ್ಥವಾಗದು, ಸಬ್‌ಟೈಟಲ್ ಹಾಕಿಕೊಳ್ಳಿ. 2010ರಲ್ಲಿ ಇದೇ ಕಥೆಯ ಬಣ್ಣದ ಚಿತ್ರವೂ ಬಂದಿದೆ, ಅದರಲ್ಲಿ ಕಾಲವನ್ನು 1964ಕ್ಕೆ ತಂದಿದ್ದಾರೆ. ಮೊದಲು ಹಳೆಯದನ್ನೇ ನೋಡಿ ಎಂಬುದು ನಮ್ಮ ಸಲಹೆ. ಚಿಕ್ಕ ಮಕ್ಕಳ ಜೊತೆ ಬೇಡ. ಒಬ್ಬರೇ ನೋಡುವುದಕ್ಕಿಂತ ನಾಲ್ಕು ಜನ ಕುಳಿತು ನೋಡಿ, ಮುಗಿದ ಮೇಲೆ ಅರ್ಧ ಗಂಟೆ ಮಾತಾಡಿ.

ಮಾತಾಡಲು ಮೂರು ಪ್ರಶ್ನೆಗಳು:

1. ಪಿಂಕಿ ನಮ್ಮ ಧರ್ಮಕೇಂದ್ರದ ಹುಡುಗನಾಗಿದ್ದರೆ, ಮೊದಲ ತಪ್ಪು ಮಾಡಿದ ದಿನ ಅವನು ಯಾರ ಬಳಿ ಬಂದು ಹೇಳಬಹುದಿತ್ತು? ಹಾಗೆ ಬಂದು ಹೇಳಬಹುದಾದವರು ನಮ್ಮಲ್ಲಿ ಇದ್ದಾರೆಯೇ?

2. ಐಡಾ ಮಾಡಿದ ಕೆಲಸವನ್ನು ನಾವು ಯಾರಿಗಾಗಿ ಈಗ ಮಾಡಬೇಕಾಗಿದೆ?

3. ಸಿಸ್ಟರ್ ಜಾಗದಲ್ಲಿ ನೀವಿದ್ದು, ತಟ್ಟೆಯಲ್ಲಿ ಏನಿದೆ ಎಂದು ನಿಮಗೆ ಗೊತ್ತಿದ್ದರೆ, ರೋಸ್‌ಗೆ ಹೇಳುತ್ತಿದ್ದಿರೇ?

ಮೂರನೆಯ ಪ್ರಶ್ನೆಗೆ ನಮ್ಮ ಯುವಕೂಟದಲ್ಲಿ ಇನ್ನೂ ಒಮ್ಮತ ಬಂದಿಲ್ಲ. ನಿಮ್ಮ ಉತ್ತರ ಬರೆದು ಕಳಿಸಿ,  ಮುಂದಿನ ಸಭೆಯಲ್ಲಿ ಓದೋಣ. ದೇವರು ನಮ್ಮೆಲ್ಲರನ್ನೂ ಆಶೀರ್ವದಿಸಲಿ.